ನಲವತ್ತೇಳನೆಯ ಸಾಲು

ಗುಂಡ್ಲುಪೇಟೆಯಲ್ಲಿ ನಾನು ಬ್ಯಾಂಕ್ ಗುಮಾಸ್ತನಾಗಿದ್ದಾಗ ಕಂಪ್ಯೂಟರ್ ಇರಲಿಲ್ಲ. ದಪ್ಪ ಲೆಡ್ಜರು, ಕೂಡುವುದಕ್ಕೆ ಕೈಬೆರಳು, ಅಷ್ಟೇ. ಒಂದು ಸಂಜೆ ಲೆಕ್ಕದಲ್ಲಿ 27 ರೂಪಾಯಿ ವ್ಯತ್ಯಾಸ ಬಂತು. ಹೊಸದಾಗಿ ಸೇರಿದ್ದ ಹುಡುಗನ ಮೇಲೆ ಎಲ್ಲರ ಕಣ್ಣು ಬಿತ್ತು. ಪಾಪ, ಅವನ ಮುಖ ಬಾಡಿಹೋಯಿತು.

ಹಿರಿಯರೊಬ್ಬರು ಮಾತ್ರ, “27 ಒಂಬತ್ತರಿಂದ ಭಾಗವಾಗುತ್ತೆ. ಅಂಕಿ ಅದಲುಬದಲಾಗಿರಬಹುದು. ಸಾಲುಸಾಲಾಗಿ ನೋಡೋಣ” ಅಂದರು. ರಾತ್ರಿ ಒಂಬತ್ತಕ್ಕೆ ಸಿಕ್ಕಿತು: 63 ಇರಬೇಕಾದ ಕಡೆ 36. ಬರೆದವನು ಆ ಹುಡುಗನಲ್ಲ, ನಾನು!

ಮಕ್ಕಳೇ, ನೀವೂ ಮಾಡಿ ನೋಡಿ. 82ರಲ್ಲಿ 28 ಕಳೆದರೆ 54. ಅದೂ ಒಂಬತ್ತರ ಮಗ್ಗಿಯಲ್ಲೇ ಇದೆ.

ಈ ಬೇಸಿಗೆ ರಜೆಯಲ್ಲಿ ಚಾಮರಾಜನಗರದ ಮಗಳ ಮನೆಗೆ ಹೋಗಿದ್ದೆ. ನಮ್ಮ ಬೀದಿಯ ಮಹಿಳಾ ಸಂಘದ ಉಳಿತಾಯದ ಪುಸ್ತಕವೂ ಜೊತೆಗಿತ್ತು. ಅದನ್ನು ಬರೆಯುತ್ತಿದ್ದವಳು ನನ್ನ ಹೆಂಡತಿ. ಅವಳು ಹೋದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಮೊಮ್ಮಗಳು ಪಿಯುಸಿಯಲ್ಲಿ ಪೈಥಾನ್ ಕಲಿಯುತ್ತಿದ್ದಾಳೆ. “ನೀನು ಟೈಪ್ ಮಾಡು ತಾತ, ಕೂಡೋದು ನನಗೆ ಬಿಡು” ಅಂದಳು. ಒಂದೊಂದು ಸಾಲಿಗೆ ಒಂದು ಹೆಸರು, ಒಂದು ಮೊತ್ತ ಹೊಡೆದುಕೊಟ್ಟೆ.

ಅವಳ ಪ್ರೋಗ್ರಾಂ ಫೈಲನ್ನು ಸಾಲುಸಾಲಾಗಿ ಓದುತ್ತಾ ಹೋಗಿ ನಡುವೆ ನಿಂತುಬಿಟ್ಟಿತು. ಪರದೆಯ ಮೇಲೆ ‘ವ್ಯಾಲ್ಯೂ ಎರರ್’ ಎಂದು ಬಂತು. ಅವಳು ಎರಡು ಸಾಲು ಸೇರಿಸಿದಳು: ತಪ್ಪು ಬಂದರೆ ಆ ಸಾಲು ಬಿಟ್ಟು ಮುಂದೆ ಹೋಗು. ಈಗ ಪ್ರೋಗ್ರಾಂ ಓಡಿತು, ಮೊತ್ತವೂ ಬಂತು. “ಆಯ್ತು ತಾತ!”

ನಾನು ಕೈಯಲ್ಲಿ ಕೂಡಿಟ್ಟಿದ್ದ ಮೊತ್ತಕ್ಕೆ ಅದು ತಾಳೆಯಾಗಲಿಲ್ಲ. 1,050 ರೂಪಾಯಿ ಕಡಿಮೆ. ಅದು ಒಂಬತ್ತರಿಂದ ಭಾಗವಾಗುವುದಿಲ್ಲ, ಅಂದರೆ ಅಂಕಿ ತಿರುಗಿದ್ದಲ್ಲ. ಒಂದು ನಮೂದೇ ಬಿಟ್ಟುಹೋಗಿರಬೇಕು. ಪುಸ್ತಕ ತಿರುವಿದೆ. ಇತ್ತು! ಚೆಂಡು ಹೂವು ಕಟ್ಟಿ ಮಾರುವ ಹೆಂಗಸು ಆಯುಧಪೂಜೆಯ ವ್ಯಾಪಾರ ಮುಗಿಸಿ ಒಟ್ಟಿಗೆ ಕಟ್ಟಿದ ದುಡ್ಡು.

“ಪುಟ್ಟೀ, ‘ಬಿಟ್ಟುಬಿಡು’ ಅನ್ನಬೇಡ. ‘ಯಾವ ಸಾಲು, ಹೇಳು’ ಅಂತ ಕೇಳು” ಅಂದೆ. ಅವಳು ಸಾಲಿನ ಸಂಖ್ಯೆ ತೋರಿಸುವಂತೆ ಬದಲಿಸಿದಳು. ತಪ್ಪು ಎರಡೇ ಕಡೆ. ಕೊನೆಯದು ಬರೀ ಖಾಲಿ ಸಾಲು. ಇನ್ನೊಂದು ನಲವತ್ತೇಳನೆಯದು. 1,050 ನಮಗೆ ಸಾವಿರದ ಐವತ್ತು. ಪೈಥಾನಿಗೆ ನಡುವೆ ಅಲ್ಪವಿರಾಮ ಇದ್ದರೆ ಅದು ಸಂಖ್ಯೆಯೇ ಅಲ್ಲ! ಉಳಿದವೆಲ್ಲ ಐವತ್ತು, ನೂರರ ಮೊತ್ತಗಳು, ಅಲ್ಪವಿರಾಮದ ಗೊಡವೆಯೇ ಇರಲಿಲ್ಲ.

ಮೊಮ್ಮಗಳು ಅಲ್ಪವಿರಾಮ ತೆಗೆದು ಓದುವಂತೆ, ಖಾಲಿ ಸಾಲನ್ನು ಮಾತ್ರ ದಾಟುವಂತೆ, ಬೇರೇನೇ ತಪ್ಪಿದ್ದರೂ ಸಾಲಿನ ಸಂಖ್ಯೆ ಹೇಳಿ ನಿಲ್ಲುವಂತೆ ತಿದ್ದಿದಳು. ಲೆಕ್ಕ ಪೈಸೆಗೆ ಪೈಸೆ ಕೂಡಿತು.

“ಅಲ್ಪವಿರಾಮ ಹಾಕಿದ್ದು ಯಾರು ತಾತ?”

“ನಾನೇ ಕಣೇ. ಬ್ಯಾಂಕಿನ ಅಭ್ಯಾಸ.” ಇಬ್ಬರೂ ನಕ್ಕೆವು.

ಊರಿಗೆ ಬಂದ ಮೇಲೆ ಸಂಘದ ಸಭೆಯಲ್ಲಿ ಲೆಕ್ಕ ಓದಿದೆ. ಆ ಹೂವಿನ ಹೆಂಗಸಿಗೆ ಓದು ಬರುವುದಿಲ್ಲ. “ನಂದೂ ಸೇರ್ಕಂಡದಾ ಸಾ?” ಎಂದು ಮೆಲ್ಲಗೆ ಕೇಳಿದಳು. ಅವಳ ಬೆರಳು ಹಿಡಿದು ನಲವತ್ತೇಳನೆಯ ಸಾಲಿನ ಮೇಲೆ ಇಟ್ಟೆ.

“ಸೇರದ ಕಣವ್ವ. ಇಲ್ಲೇ ಅದೆ.”