ಕೇಳುವವನ ಆಸನದಲ್ಲಿ ಶ್ರುತಿ

ತಂಬೂರಿಯ ತಂತಿಗಳನ್ನು ಶ್ರುತಿಗೂಡಿಸುವುದು ನಮ್ಮ ನಾಡಿನ ಹಳೆಯ ವಿದ್ಯೆ. ಮೋಟಾರಿನೊಳಗಿನ ಧ್ವನಿವರ್ಧಕಗಳನ್ನೂ ಅಂತೆಯೇ ಶ್ರುತಿಗೊಳಿಸಬೇಕಾಗುತ್ತದೆ ಎಂದರೆ ಕೆಲವರಿಗೆ ವಿಚಿತ್ರವೆನಿಸೀತು. ಮಠದ ಶಾಲೆಯ ಸಂಚಿಕೆಗೂ ಇದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಿದರೆ ಅದೂ ಸಹಜವೇ. ಸಂಬಂಧವುಂಟು.

ನನ್ನ ತಂದೆಯವರು ನಿವೃತ್ತ ಶಿಕ್ಷಕರು. ವಯಸ್ಸು ಎಂಬತ್ತನ್ನು ದಾಟಿದೆ. ರಾಣೆಬೆನ್ನೂರಿನಿಂದ ಐರಣಿಯ ಹೊಳೆಮಠಕ್ಕೆ ಅವರನ್ನು ಕರೆದೊಯ್ಯುವಾಗಲೆಲ್ಲ ಮೋಟಾರಿನಲ್ಲಿ ಮಲ್ಲಿಕಾರ್ಜುನ ಮನಸೂರರ ವಚನಗಾಯನವನ್ನು ಹಾಕುವುದು ವಾಡಿಕೆ. ಒಮ್ಮೆ ಅವರು, "ಸ್ವರ ಕೇಳಿಸುತ್ತದಪ್ಪಾ, ಮಾತು ತಿಳಿಯುವುದಿಲ್ಲ" ಎಂದರು. ಧ್ವನಿಯನ್ನು ಹೆಚ್ಚಿಸಿದರೆ ತಬಲಾದ ಎಡಗೈಯ ಗುಂಕಾರವೊಂದೇ ಹೆಚ್ಚಿತು. ಮಾತು ತಿಳಿಯದ ಮೇಲೆ ವಚನದಲ್ಲಿ ಉಳಿಯುವುದೇನು?

ತುಂಗಭದ್ರೆಯ ದಡದ ನಿಶ್ಶಬ್ದದಲ್ಲಿ ಎಂಜಿನನ್ನು ನಿಲ್ಲಿಸಿ ಅಳತೆಗೆ ತೊಡಗಿದೆನು. ಪ್ರತಿಯೊಂದು ಸಪ್ತಕದಲ್ಲಿಯೂ ಸಮಶಕ್ತಿಯುಳ್ಳ ಭೋರ್ಗರೆತದಂಥ ಶಬ್ದವನ್ನು ನುಡಿಸಿ, ತಂದೆಯವರು ಕೂಡುವ ಆಸನದಲ್ಲಿ, ಅವರ ತಲೆಯಿರುವ ಎತ್ತರದಲ್ಲಿ ಮೈಕನ್ನು ಹಿಡಿದು, ಐದಾರು ಕಡೆಯ ಸರಾಸರಿಯನ್ನು ತೆಗೆದೆನು. ಗಣಕಯಂತ್ರ ಬರೆದ ರೇಖೆಯಲ್ಲಿ 60 ಹರ್ಟ್ಸ್ ಸುತ್ತ ಒಂದು ಗುಡ್ಡ, 340ರ ಬಳಿ ಒಂದು ಕಂದರ, 2000ದಿಂದಾಚೆಗೆ ಇಳಿಜಾರು ಕಂಡವು.

ಪ್ರತಿಯೊಂದಕ್ಕೂ ಕಾರಣವಿತ್ತು. 60 ಹರ್ಟ್ಸ್ ಶಬ್ದದ ಅಲೆ ಸುಮಾರು ಐದೂಮುಕ್ಕಾಲು ಮೀಟರು ಉದ್ದ. ಅಷ್ಟು ಚಿಕ್ಕ ಕೋಣೆಯಲ್ಲಿ ಮಂದ್ರ ಧ್ವನಿ ಉಬ್ಬಿಕೊಳ್ಳುತ್ತದೆ. ಎಡಬಲದ ಧ್ವನಿವರ್ಧಕಗಳು ಕಿವಿಯಿಂದಿರುವ ದೂರದಲ್ಲಿ ಅರ್ಧ ಮೀಟರು ಅಂತರವಿದ್ದರೆ 340 ಹರ್ಟ್ಸ್ ಬಳಿ ಒಂದರ ಅಲೆ ಮತ್ತೊಂದನ್ನು ಅಳಿಸುತ್ತದೆ. ಅಲ್ಲಿ ಶಕ್ತಿಯನ್ನು ಎಷ್ಟು ಸುರಿದರೂ ವ್ಯರ್ಥ. ಎರಡೂ ಸಮನಾಗಿ ಏರಿ, ಸಮನಾಗಿ ಅಳಿಯುತ್ತವೆ. ಹತ್ತಿರದ್ದನ್ನು ಒಂದೂವರೆ ಮಿಲಿಸೆಕೆಂಡು ತಡವಾಗಿ ನುಡಿಸುವುದೇ ಅದಕ್ಕೆ ಮದ್ದು. ಇನ್ನು ಬಾಗಿಲಿನ ಧ್ವನಿವರ್ಧಕಗಳು ಮೊಣಕಾಲಿಗೆ ಮುಖಮಾಡಿರುತ್ತವೆ. ಆಸನದ ಬಟ್ಟೆ ತಾರಧ್ವನಿಯನ್ನು ಹೀರಿಕೊಳ್ಳುತ್ತದೆ.

ಗುಡ್ಡವನ್ನು ತಗ್ಗಿಸಿದೆನು, ತಡವನ್ನು ಕೂಡಿಸಿದೆನು. ರೇಖೆ ಬಹುಮಟ್ಟಿಗೆ ಸಮವಾಯಿತು. ಆದರೆ ಮೈಕಿಗೆ ಮುಪ್ಪಿಲ್ಲ. ಮನುಷ್ಯನ ಕಿವಿಗೆ ಉಂಟು. ವಯಸ್ಸಾದಂತೆ ಮೊದಲು ಕುಂದುವುದು ತಾರಧ್ವನಿಯ ಗ್ರಹಣಶಕ್ತಿ. ಸ್ವರಾಕ್ಷರಗಳ ಬಲ ಹೆಚ್ಚಾಗಿ ಕೆಳಗಿನ ಕಂಪನಗಳಲ್ಲಿದ್ದರೆ, ಸ, ಶ, ತ ಮುಂತಾದ ವ್ಯಂಜನಗಳ ಗುರುತು ಹೆಚ್ಚಾಗಿ 2000 ಹರ್ಟ್ಸ್‌ನಿಂದ ಮೇಲಿರುತ್ತದೆ. ಮಾತು ಮಾತಾಗುವುದು ಈ ವ್ಯಂಜನಗಳಿಂದ. ಆದ್ದರಿಂದ 2000ದಿಂದ 4000ದವರೆಗೆ ಕೆಲವು ಡೆಸಿಬೆಲ್ ಎತ್ತರಿಸಿದೆನು. ಚಾಲಕನ ಆಸನದಲ್ಲಿ ಈಗ ಹಾಡು ತುಸು ಕರ್ಕಶ. ಆದರೆ ಮರಳುವ ದಾರಿಯಲ್ಲಿ ತಂದೆಯವರು ವಚನದ ಸಾಲುಗಳನ್ನು ಗಾಯಕರೊಡನೆ ಮೆಲ್ಲಗೆ ನುಡಿಯುತ್ತಿದ್ದರು. ನನ್ನ ಕಿವಿಯ ನಷ್ಟ ನನಗೆ ಭಾರವೆನಿಸಲಿಲ್ಲ.

ಶಾಲೆಗಳ ಪ್ರಾರ್ಥನಾ ಮಂದಿರಗಳಿಗೆ ಧ್ವನಿವರ್ಧಕಗಳನ್ನು ದಾನವಾಗಿ ಕೊಡುವ ಮಹನೀಯರು ಅನೇಕರು. ಅವರಲ್ಲಿಯೂ ಗುರುವೃಂದದಲ್ಲಿಯೂ ನನ್ನದೊಂದು ವಿನಂತಿ: ಹೆಚ್ಚು ಶಬ್ದದ ಯಂತ್ರವನ್ನು ಅರಸುವ ಮುನ್ನ, ಕಡೆಯ ಸಾಲಿನ ಮಗುವಿನ ಪಕ್ಕದಲ್ಲಿ ಕುಳಿತು ಅಳೆಯಿರಿ. ವೇದಿಕೆಯಲ್ಲಿ ಎಷ್ಟು ನುಡಿದೆವೆಂಬುದಲ್ಲ, ಆ ಮಗುವಿಗೆ ಎಷ್ಟು ಮುಟ್ಟಿತೆಂಬುದೇ ಲೆಕ್ಕ. ಬೋಧನೆಯ ಅಳತೆಯೂ ಅದೇ ಅಲ್ಲವೇ?