ಬಿ ಸೈಡಿನ ಕೆಂಪು ಚುಕ್ಕೆ

ಅಜ್ಜಂಪುರದಲ್ಲಿ ಚಿಕ್ಕಪ್ಪನ ಮೊಮ್ಮಗಳ ಮದುವೆ. ಚಪ್ಪರದ ದಿನ ರಾತ್ರಿ ಊಟ ಮುಗಿದಿತ್ತು. ಹೆಂಗಸರು ಜಗಲಿಯಲ್ಲಿ ಕೂತು ತಾಂಬೂಲದ ಚೀಲಗಳಿಗೆ ತೆಂಗಿನಕಾಯಿ ತುಂಬುತ್ತಿದ್ದರು. ಅಕ್ಕನ ಮಗ ಫೋನಿಗೆ ಸ್ಪೀಕರ್ ಜೋಡಿಸಿ ಒಂದು ಹಾಡು ಹಾಕಿದ. ಬೋನಿ ಎಂ ತಂಡದ ‘ರಾಸ್ಪುಟಿನ್’. ಮಕ್ಕಳೆಲ್ಲ ಎದ್ದು ಕುಣಿಯತೊಡಗಿದರು.

“ಮಾವ, ಇದು ರೀಲ್ಸ್‌ನಲ್ಲಿ ಸಖತ್ ಓಡ್ತಿದೆ, ಕೇಳಿದ್ದೀರಾ?” ಅಂದ.

ಕೇಳಿದ್ದೇನೆಯೇ! ಅವನ ಅಮ್ಮನಿಗೆ ಎರಡು ಜಡೆ ಇದ್ದ ಕಾಲದಿಂದ ಕೇಳಿದ್ದೇನೆ. ಆದರೆ ಅವತ್ತು ಆ ಹಾಡು ನನಗೆ ಎರಡು ಕಡೆ ಚುಚ್ಚಿತು. ಹಾಡಿನ ಹಿಂದೆ ಬರಬೇಕಾದದ್ದು ಬರಲಿಲ್ಲ. ಹಾಡಿನ ನಡುವೆ ಬರಬಾರದ್ದು ಬಂತು. ಒಂದು ಜಾಗದಲ್ಲಿ ವಾದ್ಯ ಇನ್ನೊಂದಿಷ್ಟು ಹೊತ್ತು ಸುತ್ತಿ, ಆಮೇಲೆ ಮುಂದಕ್ಕೆ ಹೋಯಿತು. ನನ್ನ ಹಾಡಿನಲ್ಲಿ ಆ ಸುತ್ತು ಇಲ್ಲ. ಕಣ್ಣೆತ್ತಿ ನೋಡಿದರೆ ಚಿಕ್ಕಪ್ಪನೂ ಅದೇ ಜಾಗದಲ್ಲಿ ತಲೆದೂಗುವುದನ್ನು ನಿಲ್ಲಿಸಿ, ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದರು.

ಮೊದಲನೆಯ ದೂರಿಗೆ ಕಾರಣ ಹೇಳುವುದು ಸುಲಭ. ‘ರಾಸ್ಪುಟಿನ್’ ಒಂಟಿ ಹಾಡಲ್ಲ. 1978ರಲ್ಲಿ ಬಂದ ‘ನೈಟ್‌ಫ್ಲೈಟ್ ಟು ವೀನಸ್’ ಎಂಬ ಆಲ್ಬಮ್ಮಿನ ಎರಡನೆಯ ಹಾಡು ಅದು. ಮೊದಲನೆಯದು ಶುಕ್ರಗ್ರಹಕ್ಕೆ ಹೊರಟ ರಾಕೆಟ್ಟಿನ ಹಾಡು. ಪ್ರಯಾಣಿಕರಿಗೆ ಸ್ವಾಗತ ಹೇಳುವ ಯಂತ್ರದಂಥ ದನಿ, ಹಿಂದಿನಿಂದ ಎಣಿಕೆ, ಆಮೇಲೆ ನಗಾರಿ ಬಡಿದಂಥ ಡ್ರಮ್ಸ್. ಆ ಡ್ರಮ್ಸ್ ಎಲ್ಲೂ ನಿಲ್ಲದೆ, ನಡುವೆ ಒಂದು ಉಸಿರಿನಷ್ಟೂ ತೆರಪು ಕೊಡದೆ, ‘ರಾಸ್ಪುಟಿನ್’ ಒಳಕ್ಕೆ ಹರಿಯುತ್ತದೆ. ಜರ್ಮನಿಯ ಫ್ರಾಂಕ್ ಫಾರಿಯನ್ ಆ ಎರಡು ಹಾಡುಗಳನ್ನು ಹಾಗೆಯೇ ಹೆಣೆದಿದ್ದ. ಫೋನು ಅದನ್ನು ಕೊಯ್ದು ಒಂದನ್ನೇ ಬಡಿಸುತ್ತದೆ. ಅಣ್ಣನನ್ನು ಮನೆಯಲ್ಲೇ ಬಿಟ್ಟು ತಮ್ಮನನ್ನು ಮಾತ್ರ ಮದುವೆಗೆ ಕರೆದಂತೆ.

ಎರಡನೆಯ ದೂರಿನ ಬೇರು ಹುಡುಕಲು ಚಿಕ್ಕಪ್ಪ ಆ ರಾತ್ರಿಯೇ ಅಟ್ಟಕ್ಕೆ ಏಣಿ ಇಡಿಸಿದರು. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ನಲವತ್ತಕ್ಕೂ ಮಿಕ್ಕಿ ಕ್ಯಾಸೆಟ್ಟುಗಳಿದ್ದವು. ಒಂದನ್ನು ಮೂಗಿನ ಹತ್ತಿರ ಹಿಡಿದು, “ಇದೇ ಕಣೋ” ಅಂದರು.

ಅದೊಂದು ತೊಂಬತ್ತು ನಿಮಿಷದ ಕ್ಯಾಸೆಟ್. ಎ ಸೈಡಿನಲ್ಲಿ ಬೋನಿ ಎಂ, ಬಿ ಸೈಡಿನಲ್ಲಿ ‘ನಿತ್ಯೋತ್ಸವ’.

ಈ ಜೋಡಿ ವಿಚಿತ್ರ ಅನ್ನಿಸಿದರೆ ಆ ಕಾಲದ ರೆಕಾರ್ಡಿಂಗ್ ಅಂಗಡಿಯನ್ನು ನೆನೆಸಿಕೊಳ್ಳಬೇಕು. ಕಡೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಅಂಥ ಒಂದು ಅಂಗಡಿಯಿತ್ತು. ಖಾಲಿ ಕ್ಯಾಸೆಟ್, ನೋಟ್‌ಬುಕ್ಕಿನಿಂದ ಹರಿದ ಹಾಳೆಯಲ್ಲಿ ಹಾಡುಗಳ ಪಟ್ಟಿ, ಇವೆರಡನ್ನೂ ಕೊಟ್ಟು ಬಂದರೆ ವಾರದ ಮೇಲೆ ಹಾಡು ತುಂಬಿ ಇಟ್ಟಿರುತ್ತಿದ್ದರು. ಕಾಲೇಜು ಓದುತ್ತಿದ್ದ ಚಿಕ್ಕಪ್ಪನಿಗೆ ಬೋನಿ ಎಂ ಬೇಕಿತ್ತು. ತರೀಕೆರೆಗೆ ಮದುವೆಯಾಗಿ ಹೋಗಿದ್ದ ಅತ್ತೆಗೆ ‘ನಿತ್ಯೋತ್ಸವ’ ಬೇಕಿತ್ತು. ಇಬ್ಬರ ದುಡ್ಡೂ ಸೇರಿ ಒಂದೇ ಕ್ಯಾಸೆಟ್ಟಿಗೆ ಆಗುವಷ್ಟಿತ್ತು.

‘ನಿತ್ಯೋತ್ಸವ’ವೂ 1978ರದೇ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ್ದು, ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ ಎಂದು ಹೆಸರಾದದ್ದು. ಕವಿತೆಯನ್ನು ಪುಸ್ತಕದಿಂದ ಎತ್ತಿ ಅಡುಗೆಮನೆಗೆ ತಂದ ಕ್ಯಾಸೆಟ್ ಅದು. ಶಿಶುನಾಳ ಷರೀಫರನ್ನು, ಮೈಸೂರು ಮಲ್ಲಿಗೆಯನ್ನು ಸಿ. ಅಶ್ವತ್ಥ್ ಮನೆಮನೆಗೆ ತಲುಪಿಸಿದ್ದೂ ಇದೇ ದಾರಿಯಲ್ಲಿ. ಬೇರೆ ದೇಶಗಳಲ್ಲಿ ಒಂದು ಪೀಳಿಗೆ ತನ್ನ ರಾಕ್, ಪಾಪ್ ಆಲ್ಬಮ್ಮುಗಳನ್ನು ಎದೆಗೊತ್ತಿಕೊಂಡು ಬೆಳೆಯಿತಲ್ಲ, ನಮ್ಮ ಕಡೆ ಆ ಜಾಗದಲ್ಲಿ ಇದ್ದದ್ದು ಈ ಭಾವಗೀತೆಯ ಕ್ಯಾಸೆಟ್ಟುಗಳು. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಅಜ್ಜಿಗೆ ಮಾತ್ರ ಎ ಸೈಡಿನ ಮೇಲೆ ಅನುಮಾನವಿತ್ತು. “ಇಂಗ್ಲಿಷ್ ಹಾಡು ಮನೇಲಿ ಯಾಕೋ?” ಎಂದು ಕೇಳಿದಾಗ ಚಿಕ್ಕಪ್ಪ ರಾಜ್‌ಕುಮಾರರನ್ನು ಅಡ್ಡ ತಂದರು. ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ, ಅದೂ 1978ರಲ್ಲೇ, ಅಣ್ಣಾವ್ರೇ ಇಂಗ್ಲಿಷಿನಲ್ಲಿ ಹಾಡಿರಲಿಲ್ಲವೇ? ಅಜ್ಜಿ ಸುಮ್ಮನಾದರು. ಅಣ್ಣಾವ್ರು ಹಾಡಿದ ಮೇಲೆ ಆ ಭಾಷೆಗೆ ಮೈಲಿಗೆ ಎಲ್ಲಿಯದು?

ಪಟ್ಟಿ ಬರೆಯುವಾಗ ಅತ್ತೆ ಒಂದು ಷರತ್ತು ಹಾಕಿದ್ದರು. ‘ನಿತ್ಯೋತ್ಸವ’ದ ಶೀರ್ಷಿಕೆಗೀತೆ ಕೊನೆಯಲ್ಲಿ ಬರಬೇಕು. “ಮಂಗಳಾರತಿ ಕೊನೆಗೇ ತಾನೇ ಆಗೋದು?” ಎಂಬುದು ಅವರ ವಾದ. ಅಂಗಡಿಯವರು ಹಾಗೆಯೇ ತುಂಬಿಕೊಟ್ಟರು.

ಒಂದು ಕ್ಯಾಸೆಟ್ಟಿಗೆ ಮೂರು ಮನೆ. ಕಡೂರಿನಲ್ಲಿ ನಾವು, ತರೀಕೆರೆಯಲ್ಲಿ ಅತ್ತೆ, ಅಜ್ಜಂಪುರದಲ್ಲಿ ಕೆಲಸ ಸಿಕ್ಕಿ ಮನೆ ಮಾಡಿದ ಚಿಕ್ಕಪ್ಪ. ಕಡೂರಿನಿಂದ ಹೊರಟ ರೈಲುಹಳಿ ಬೀರೂರಿನಲ್ಲಿ ಎರಡಾಗುತ್ತದೆ. ಒಂದು ತರೀಕೆರೆ, ಶಿವಮೊಗ್ಗ ಹಾದು ಜೋಗದ ಪಕ್ಕದ ತಾಳಗುಪ್ಪದವರೆಗೆ. ಇನ್ನೊಂದು ಅಜ್ಜಂಪುರ, ಚಿಕ್ಕಜಾಜೂರಿನ ಮೇಲೆ ಹುಬ್ಬಳ್ಳಿಗೆ. ನಮ್ಮ ಕ್ಯಾಸೆಟ್ಟಿಗೂ ಎರಡು ಮಗ್ಗುಲು, ದಾರಿಗೂ ಎರಡು ಕವಲು. ಹೋಗಿಬರುವವರ ಕೈಯಲ್ಲಿ, ಟವೆಲಿನಲ್ಲಿ ಸುತ್ತಿ, ಕೈಚೀಲದ ನಡುವೆ ಅದು ಊರಿಂದೂರಿಗೆ ತಿರುಗಿತು. ಕಡೂರಿನಿಂದ ತೆಂಗಿನಕಾಯಿಯ ಜೊತೆ ಹೋಗುತ್ತಿತ್ತು, ತರೀಕೆರೆಯಿಂದ ಅಡಿಕೆಯ ಜೊತೆ. ಅಜ್ಜಂಪುರದಿಂದ ಈರುಳ್ಳಿಯ ಜೊತೆ ಬಂದಾಗ ಎರಡು ದಿನ ಬಿಸಿಲಿಗಿಟ್ಟರೂ ಆ ವಾಸನೆ ಬಿಡುತ್ತಿರಲಿಲ್ಲ. ಚಿಕ್ಕಪ್ಪ ಅಟ್ಟದ ಮೇಲೆ ಮೂಸಿ ನೋಡಿದ್ದು ಅದಕ್ಕೇ.

ಹಾಡು ಹಂಚಿಕೊಳ್ಳುವುದೆಂದರೆ ಆಗ ಹಾಡನ್ನು ಕೊಟ್ಟುಬಿಡುವುದು. ಕೊಟ್ಟ ಮೇಲೆ ನಮ್ಮ ಮನೆಯಲ್ಲಿ ಅದು ಇರುತ್ತಿರಲಿಲ್ಲ. ಅದು ತರೀಕೆರೆಯಲ್ಲಿದ್ದ ತಿಂಗಳು ನಾವು ಬಾಯಲ್ಲೇ ಹಾಡಿಕೊಳ್ಳುತ್ತಿದ್ದೆವು. ಮರಳಿ ಬಂದಾಗ ಹಾಡು ಹೊಸದಾಗಿರುತ್ತಿತ್ತು.

ಒಂದು ಶ್ರಾವಣದಲ್ಲಿ ಮದಗದ ಕೆರೆ ಕೋಡಿ ಬಿತ್ತು. ಕಡೂರು ಸೀಮೆ ಮಳೆಗೆ ಬಾಯಿ ಬಿಡುವ ಸೀಮೆ. ಗಿರಿಯ ಕಡೆಯ ಹಳ್ಳಗಳು ತುಂಬಿ ಕೆರೆ ಕೋಡಿ ಬಿದ್ದರೆ ಸುತ್ತಿನ ಊರಿಗೆಲ್ಲ ಹಬ್ಬ. ಜನಪದರು ಹಾಡಿದ ಆ ಮಾಯದ ಮಳೆ ಬಂದದ್ದು ಇದೇ ಕೆರೆಗೆ ಎಂದು ನಾವೆಲ್ಲ ನಂಬಿಕೊಂಡವರು. ಹಿರೇಕೆರೂರಿನವರು ಅದು ತಮ್ಮ ಮದಗ-ಮಾಸೂರು ಕೆರೆ ಅನ್ನುತ್ತಾರೆ. ಅನ್ನಲಿ ಬಿಡಿ, ಒಳ್ಳೆಯ ಹಾಡಿಗೆ ಎರಡು ಊರಿನವರು ಜಗಳವಾಡುವುದು ಒಳ್ಳೆಯದೇ. ಮೂರು ಮನೆಯವರೂ ಬುತ್ತಿ ಕಟ್ಟಿಕೊಂಡು ಹೊರಟೆವು. ಚಿಕ್ಕಪ್ಪನ ಟೂ ಇನ್ ಒನ್ ಕೂಡ ಬಂತು, ಆರು ಸೆಲ್ಲುಗಳ ಸಮೇತ. ಹಿಂದಿನ ದಿನ ಅವನ್ನು ಬಿಸಿಲಿಗಿಟ್ಟು ಜೀವ ಬರಿಸಿದ್ದೆವು.

ಏರಿಯ ಮೇಲೆ ಎ ಸೈಡ್ ಮುಗಿಯಿತು. ಬಿ ಸೈಡೂ ಕೊನೆಗೆ ಬಂದು ಶೀರ್ಷಿಕೆಗೀತೆ ಶುರುವಾಗುವ ಹೊತ್ತಿಗೆ ಸೆಲ್ ಕುಂದುತ್ತ ಬಂತು. ದನಿ ದಪ್ಪವಾಯಿತು. ಜೋಗದ ಹೆಸರು ಬಾಯಿಂದ ಹೊರಬರಲು ಒದ್ದಾಡಿತು. ಮಕ್ಕಳು ನಕ್ಕರು. ಅತ್ತೆ ನಗಲಿಲ್ಲ, “ಆರಿಸ್ರೋ, ಆರಿಸ್ರೋ” ಎಂದು ಓಡಿ ಬಂದರು. ಸೆಲ್ ಸೋತರೆ ಬರಿಯ ದನಿ ಕೆಡುವುದಿಲ್ಲ. ಬಿಟ್ಟ ರೀಲನ್ನು ಸುತ್ತಿಕೊಳ್ಳಬೇಕಾದ ಚಕ್ರಕ್ಕೆ ಎಳೆಯುವ ಶಕ್ತಿ ಸಾಲದೆ, ರೀಲು ಒಳಗಿನ ರಬ್ಬರ್ ಗಾಲಿಗೆ ಸುತ್ತಿಕೊಳ್ಳುತ್ತದೆ. ಅವರು ಬಂದು ಬಾಗಿಲು ತೆಗೆಯುವಷ್ಟರಲ್ಲಿ ಕಂದು ರೀಲು ಶ್ಯಾವಿಗೆಯಂತೆ ಹೊರಗೆ ಬಂದಿತ್ತು.

ಆ ರಾತ್ರಿ ಲಾಟೀನಿನ ಬೆಳಕಿನಲ್ಲಿ ಅತ್ತೆ ಮಾಡಿದ ಕೆಲಸ ನನ್ನ ಕಣ್ಣಿಗೆ ಕಟ್ಟಿದಂತಿದೆ. ಕ್ಯಾಸೆಟ್ಟಿನ ಐದು ಸ್ಕ್ರೂ ಬಿಚ್ಚಿ ಒಂದು ತಟ್ಟೆಯಲ್ಲಿಟ್ಟರು. ಮುರುಟಿ ಹೋದ ತುಂಡನ್ನು ಬ್ಲೇಡಿನಿಂದ ಓರೆಯಾಗಿ ಕೊಯ್ದರು. ಆಗಷ್ಟೇ ಮದುವೆಯಾಗಿ ಬಂದಿದ್ದ ಚಿಕ್ಕಮ್ಮನಿಂದ ಉಗುರುಬಣ್ಣ ಈಸಿಕೊಂಡು, ಎರಡು ತುದಿಗಳನ್ನು ಕೂದಲೆಳೆಯಷ್ಟು ಒಂದರ ಮೇಲೊಂದು ತಂದು, ಕಡ್ಡಿಯ ಮೊನೆಯಿಂದ ಒಂದೇ ಒಂದು ತೊಟ್ಟು ಇಟ್ಟರು. ಒಣಗುವವರೆಗೆ ಯಾರಿಗೂ ಬೀಸಣಿಗೆ ಬೀಸಲು ಬಿಡಲಿಲ್ಲ. ಆಮೇಲೆ ರೆನಾಲ್ಡ್ಸ್ ಪೆನ್ನನ್ನು ಚಕ್ರದ ಹಲ್ಲಿಗೆ ಸಿಕ್ಕಿಸಿ, ರೀಲನ್ನು ಒಳಕ್ಕೆ ಸುತ್ತಿದರು.

ಕೊಯ್ದು ತೆಗೆದದ್ದು ಅರ್ಧ ಗೇಣು. ಕ್ಯಾಸೆಟ್ಟಿನಲ್ಲಿ ರೀಲು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಅಂದರೆ ಹಾಡಿನಲ್ಲಿ ಎರಡು ಸೆಕೆಂಡ್ ಹೋಯಿತು. ಎರಡು ಚರಣಗಳ ನಡುವಿನ ವಾದ್ಯದಲ್ಲಿ ಅಷ್ಟು ತಪ್ಪಿ, ಮುಂದಿನ ಚರಣ ಅವಸರವಸರವಾಗಿ ಬಂದುಬಿಡುತ್ತಿತ್ತು. ಅತ್ತೆ ಅದನ್ನೇ ಕಲಿತರು. ತರೀಕೆರೆಯಲ್ಲಿ ಓಣಿಯ ಮಕ್ಕಳಿಗೆ ರಾಜ್ಯೋತ್ಸವಕ್ಕೆ ಹಾಡು ಹೇಳಿಕೊಡುವಾಗಲೂ ಹಾಗೆಯೇ ಕಲಿಸಿದರು. ಏರಿಯ ಮೇಲಿನ ಕರಿ ಕುರಿಮರಿಗಳ ಮಾತನ್ನು ನಾಲಿಗೆ ತೊಡರದೆ ಹೇಳುವ ಆ ಊರಿನ ಮಕ್ಕಳಿಗೆ ಎರಡು ಸೆಕೆಂಡ್ ನುಂಗುವುದು ಯಾವ ಲೆಕ್ಕ?

ಇನ್ನೊಂದು ವಿಷಯ ಅವತ್ತು ನಮಗ್ಯಾರಿಗೂ ಹೊಳೆದಿರಲಿಲ್ಲ. ನಾಲ್ಕು ಮಿಲಿಮೀಟರೂ ಅಗಲವಿಲ್ಲದ ಆ ರೀಲಿನ ಅರ್ಧ ಭಾಗದಲ್ಲಿ ಎ ಸೈಡ್, ಇನ್ನರ್ಧದಲ್ಲಿ ಬಿ ಸೈಡ್, ತಲೆಕೆಳಗಾಗಿ. ಬಿ ಸೈಡಿನ ಕೊನೆ ಎಂದರೆ ಎ ಸೈಡಿನ ಆರಂಭ. ಅತ್ತೆಯ ಬ್ಲೇಡು ‘ನಿತ್ಯೋತ್ಸವ’ದ ಕೊನೆಯ ಹಾಡನ್ನು ಕೊಯ್ದಾಗ ಬೆನ್ನಿಗಿದ್ದ ಬೋನಿ ಎಂ ತಂಡದ ಎರಡನೆಯ ಹಾಡನ್ನೂ ಕೊಯ್ದಿತ್ತು. ರಷ್ಯಾದ ರಾಸ್ಪುಟಿನ್ನನ ಕತೆಯಿಂದ ಎರಡು ಸೆಕೆಂಡ್ ಮದಗದ ಕೆರೆಯ ಪಾಲಾಗಿತ್ತು. ಚಪ್ಪರದ ರಾತ್ರಿ ನನಗೂ ಚಿಕ್ಕಪ್ಪನಿಗೂ ಚುಚ್ಚಿದ್ದು ಅದೇ.

ಮದುವೆ ಮುಗಿದ ಮೇಲೆ ಅಕ್ಕನ ಮಗನಿಗೆ ಹುಚ್ಚು ಹತ್ತಿತು. ಟೂ ಇನ್ ಒನ್ ಒಳಗಿನ ರಬ್ಬರ್ ಬೆಲ್ಟ್ ಕರಗಿ ಅಂಟಾಗಿತ್ತು. ಕಡೂರಿನ ಒಂದು ರಿಪೇರಿ ಅಂಗಡಿಯಲ್ಲಿ ಹೊಸದು ಹಾಕಿಸಿ, ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿಕೊಂಡು, ಅವನೂ ನಾನೂ ಬೀರೂರಿನ ಮೇಲೆ ತರೀಕೆರೆಗೆ ಹೋದೆವು. ದಾರಿಯಲ್ಲಿ ಅವನು ತನ್ನ ಕಡೆಯದನ್ನು ಕೇಳಿಸಿದ. ರಘು ದೀಕ್ಷಿತರ ಮೊದಲ ಆಲ್ಬಮ್ಮಿನಲ್ಲಿ ಗಿಟಾರ್ ಜೊತೆ ಬರುವ ಷರೀಫರನ್ನು. ಅವನ ಹಠಕ್ಕೆ ಇಡೀ ಆಲ್ಬಮ್ಮನ್ನು ಮೊದಲಿನಿಂದ ಸಾಲಾಗಿ ಕೇಳಿದೆ. ಚೆನ್ನಾಗಿತ್ತು. ಅದನ್ನು ಸಾಲು ತಪ್ಪದೆ ಕೇಳಿಸಿದ್ದು ಇನ್ನೂ ಚೆನ್ನಾಗಿತ್ತು.

ಅತ್ತೆ ಈಗ ಹೆಚ್ಚು ನಡೆಯುವುದಿಲ್ಲ. ಕಿಟಕಿಯ ಪಕ್ಕದ ಮಂಚದ ಮೇಲೆ ಟೇಪನ್ನು ಇಟ್ಟೆವು. ಎ ಸೈಡ್ ಹಾಕಿದಾಗ ರಾಕೆಟ್ ಹಾರಿತು, ಡ್ರಮ್ಸ್ ನಿಲ್ಲದೆ ಎರಡನೆಯ ಹಾಡಿಗೆ ಹರಿಯಿತು. “ಮಾವ, ಈಗ ಗೊತ್ತಾಯ್ತು” ಅಂದ ಹುಡುಗ. ಕ್ಯಾಸೆಟ್ ತಿರುಗಿಸಿ, ಬಿ ಸೈಡನ್ನು ಪೂರ್ತಿ ಕೇಳಿದೆವು. ಕೊನೆಯ ಹಾಡಿಗೆ ಮುಂಚಿನ ಮೌನದಲ್ಲಿ, ಹಾಡಿನ ಮೊದಲ ಸ್ವರ ಬಹಳ ದೂರದಿಂದ ಒಮ್ಮೆ ಕೇಳಿತು. ವರ್ಷಗಟ್ಟಲೆ ಸುತ್ತಿಟ್ಟ ರೀಲಿನಲ್ಲಿ ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೆ ಅಚ್ಚಾಗಿ ಹಾಗೆ ಕೇಳಿಸುತ್ತದೆ. ಆಮೇಲೆ ನಿಜವಾದ ಹಾಡು. ಕ್ಯಾಸೆಟ್ಟಿನ ಕಿಟಕಿಯಲ್ಲಿ ಕೆಂಪು ಚುಕ್ಕೆ ಮಿಂಚಿ ಮಾಯವಾಯಿತು. ಅದೇ ಕ್ಷಣಕ್ಕೆ ಅತ್ತೆಯ ಬೆರಳು ಮಂಚದ ಅಂಚಿನ ಮೇಲೆ ತಾಳ ಬದಲಿಸಿತು.

“ಅಜ್ಜಿ, ಪೂರ್ತಿ ಹಾಡು ಫೋನಲ್ಲಿದೆ, ಕೇಳಿ” ಎಂದು ಹುಡುಗ ಅದನ್ನು ಹಾಕಿದ. ಅತ್ತೆ ಕಣ್ಣು ಮುಚ್ಚಿ ಜೊತೆಗೆ ಹಾಡತೊಡಗಿದರು. ಮೊದಲ ಚರಣ ಮುಗಿಯಿತು. ಫೋನು ಇನ್ನೂ ವಾದ್ಯ ನುಡಿಸುತ್ತಿತ್ತು. ಅತ್ತೆ ಆಗಲೇ ಮುಂದಿನ ಚರಣದಲ್ಲಿದ್ದರು.