ಮೊದ್ಲು ರೂಮ್, ಆಮ್ಯಾಗ ಓಟ

ಓಟ ಇರುವುದು ಜನವರಿಯಲ್ಲಿ. ಕೋಣೆಯ ಮಾತು ಮಳೆಗಾಲದಿಂದಲೇ ನಡೆದಿದೆ. ಅಣ್ಣನ ಮಗಳು ಡಲ್ಲಾಸ್‌ನಲ್ಲಿದ್ದಾಳೆ. ಫ್ಲೋರಿಡಾದ ಒರ್ಲ್ಯಾಂಡೊದಲ್ಲಿ, ವಾಲ್ಟ್ ಡಿಸ್ನಿ ವರ್ಲ್ಡ್‌ನ ಒಳಗೇ ನಡೆಯುವ ಹಾಫ್ ಮ್ಯಾರಥಾನ್ ಓಡಬೇಕೆಂದು ಹಟ ಹಿಡಿದಿದ್ದಾಳೆ. ನೋಡಲು ಭಾಲ್ಕಿಯಿಂದ ಅವಳ ತಾಯಿ, ಅಂದರೆ ನಮ್ಮ ವೈನಿ, ಹೋಗಬೇಕು. ತಾಯಿ-ಮಗಳು ಫೋನಿನಲ್ಲಿ ಮಾತಾಡುವಾಗ ಕಿವಿಗೆ ಬಿದ್ದದ್ದು, ಆಮೇಲೆ ನಾನೇ ಕೇಳಿ ಓದಿ ತಿಳಿದದ್ದು, ತಿಳಿದ ಮೇಲೂ ಬಿಡಿಸಲಾಗದೆ ಉಳಿದದ್ದು, ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. "ಕಾಕಾ, ಮೊದ್ಲು ರೂಮ್, ಆಮ್ಯಾಗ ಓಟ. ರೂಮ್ ತಪ್ಪಿದ್ರ ಓಟಾನೇ ತಪ್ಪತದ" ಅಂದಳು ಅಣ್ಣನ ಮಗಳು. ಓಟಕ್ಕೂ ಕೋಣೆಗೂ ಇಷ್ಟು ಗಟ್ಟಿ ಗಂಟು ಯಾಕೆ ಬಿತ್ತು ಎಂಬುದೇ ನನ್ನ ಮೊದಲ ಪ್ರಶ್ನೆ.

*

ಜಾಗದ ಬಗ್ಗೆ. ಡಿಸ್ನಿ ವರ್ಲ್ಡ್ 1971ರ ಅಕ್ಟೋಬರ್ 1ರಂದು ತೆರೆದದ್ದು. ಸುಮಾರು 25,000 ಎಕರೆ, ಅಂದರೆ ನೂರು ಚದರ ಕಿಲೋಮೀಟರ್. ಅದರೊಳಗೆ ನಾಲ್ಕು ದೊಡ್ಡ ಪಾರ್ಕು, ಇಪ್ಪತ್ತಕ್ಕೂ ಹೆಚ್ಚು ಹೊಟೇಲು, ಅವುಗಳ ನಡುವೆ ಓಡಾಡಲು ಅವರದೇ ಬಸ್ಸು, ಅವರದೇ ಮೋನೊರೈಲು. ಜನ ಅಲ್ಲಿಗೆ ಹೋಗುವುದು ಕೂತು ತಿರುಗಲು, ಆಡಲು, ಮಕ್ಕಳನ್ನು ನಗಿಸಲು. ಅಂಥಲ್ಲಿ 1994ರ ಜನವರಿಯಲ್ಲಿ ಮೊದಲ ಮ್ಯಾರಥಾನ್ ಆಯಿತು. 1998ರಲ್ಲಿ ಹಾಫ್ ಮ್ಯಾರಥಾನ್ ಸೇರಿತು. 2006ರಲ್ಲಿ 'ಗೂಫಿ ಚಾಲೆಂಜ್' ಬಂತು: ಶನಿವಾರ ಅರ್ಧ, ಭಾನುವಾರ ಪೂರ್ತಿ. 2014ರಲ್ಲಿ 'ಡೋಪಿ': ಗುರುವಾರ 5 ಕಿ.ಮೀ., ಶುಕ್ರವಾರ 10, ಶನಿವಾರ 21.1, ಭಾನುವಾರ 42.2. ನಾಲ್ಕು ದಿನಕ್ಕೆ 78 ಕಿಲೋಮೀಟರ್. ಇದನ್ನು ಓಡುವವರು ಸಾವಿರಾರು ಜನ. ಗೆದ್ದವರಿಗೆ ಬಹುಮಾನದ ಹಣವಿಲ್ಲ. ಬ್ರೆಜಿಲ್‌ನ ಆಡ್ರಿಯಾನೊ ಬಾಸ್ಟೋಸ್ ಎಂಬ ಓಟಗಾರ ಇಲ್ಲಿನ ಮ್ಯಾರಥಾನನ್ನು ಎಂಟು ಸಲ ಗೆದ್ದಿದ್ದಾನೆ. ಹಣವಿಲ್ಲದ ಕಡೆ ಎಂಟು ಸಲ ಬಂದು ಗೆದ್ದವನನ್ನು ಒಮ್ಮೆ ನೋಡಬೇಕೆನಿಸುತ್ತದೆ.

*

ಓಡುವ ಹಾದಿಯಲ್ಲಿ ಡಿಸ್ನಿ ಕಾರ್ಟೂನಿನ ಮಿಕ್ಕಿ, ಗೂಫಿಯಂಥವರ ವೇಷ ಹಾಕಿದವರು ಅಲ್ಲಲ್ಲಿ ನಿಂತಿರುತ್ತಾರಂತೆ. ಓಡುತ್ತಿರುವವರು ನಿಂತು, ಸಾಲು ಹಚ್ಚಿ, ಫೋಟೊ ತೆಗೆಸಿಕೊಂಡು ಮತ್ತೆ ಓಡುತ್ತಾರೆ. ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಬಹಳ ಜನ ತಾವೂ ವೇಷ ಹಾಕಿಯೇ ಓಡುತ್ತಾರೆ. ಹೊತ್ತು ಉಳಿಸುವುದೇ ಓಟ ಎಂದು ಶಾಲೆಯ ಮೈದಾನದಲ್ಲಿ ಕಲಿತ ನಮಗೆ ಇದು ತಿಳಿಯಲು ಸ್ವಲ್ಪ ತಡವಾಗುತ್ತದೆ. ಕೇಳಿದ್ದಕ್ಕೆ ಅವಳು ಹೇಳಿದಳು: "ಟೈಮ್ ಸಲುವಾಗಿ ಓಡ್ಲಕ್ ಬ್ಯಾರೆ ಊರ್ ಅವ ಕಾಕಾ. ಇಲ್ಲಿ ಜನ ಓಟದಾಗ ಇರ್ಲಕ್ ಬರ್ತಾರ." ಈ ಮಾತು ನನಗೆ ಹಿಡಿಸಿತು.

*

ಈಗ ಕೋಣೆಯ ಗಂಟು. ಓಟ ಶುರುವಾಗುವುದು ಬೆಳಗಿನ ಜಾವ ಐದಕ್ಕೆ. ಪಾರ್ಕುಗಳು ಅದೇ ದಿನ ಎಂದಿನಂತೆ ತೆರೆಯಬೇಕು, ಆದ್ದರಿಂದ ಓಟ ಕತ್ತಲಲ್ಲೇ ಶುರುವಾಗಬೇಕು. ಓಟಕ್ಕಾಗಿ ಒಳಗಿನ ರಸ್ತೆಗಳನ್ನು ಮುಚ್ಚುತ್ತಾರೆ. ಮುಚ್ಚುವ ಮೊದಲೇ ಎಲ್ಲರೂ ಎಪ್ಕಾಟ್ ಪಾರ್ಕಿನ ಹತ್ತಿರ ಸೇರಿರಬೇಕು. ಅದಕ್ಕೇ ಡಿಸ್ನಿ ಹೊಟೇಲುಗಳ ಬಾಗಿಲಿಗೆ ರಾತ್ರಿ ಎರಡೂವರೆಯ ಹೊತ್ತಿಗೇ ಬಸ್ಸುಗಳು ಬಂದು ನಿಲ್ಲುತ್ತವೆ. ಎರಡು ಗಂಟೆಗೆ ಏಳಬೇಕು. ನಿದ್ದೆ ಎಂಬುದು ಸಂಜೆ ಏಳರಿಂದ ಕದ್ದು ತರಬೇಕಾದ ವಸ್ತು. ಹೊರಗಿನ ಅಗ್ಗದ ಹೊಟೇಲಿನಲ್ಲಿ ಇಳಿದರೆ ದುಡ್ಡು ಉಳಿಯುತ್ತದೆ, ಆದರೆ ಕಾರು ಬೇಕು, ಆ ಕಾರು ಕತ್ತಲಲ್ಲಿ ಸಾವಿರಾರು ಕಾರುಗಳ ಸಾಲಿನಲ್ಲಿ ನಿಲ್ಲಬೇಕು. ಒಳಗಿನ ಹೊಟೇಲಿಗೆ ಕೊಡುವ ಬಾಡಿಗೆಯಲ್ಲಿ ಹಾಸಿಗೆಯ ಪಾಲು ಸಣ್ಣದು, ಬಸ್ಸಿನ ಪಾಲು ದೊಡ್ಡದು. ಇಷ್ಟು ತಿಳಿದ ಮೇಲೆ ಅವಳ "ಮೊದ್ಲು ರೂಮ್" ಎಂಬ ಮಾತಿನ ತೂಕ ತಿಳಿಯಿತು.

ಅಲ್ಲಿ ಬೆಳಗಿನ ಐದು ಅಂದರೆ ಭಾಲ್ಕಿಯಲ್ಲಿ ಮಧ್ಯಾಹ್ನ ಮೂರೂವರೆ. ಓಟಗಾರರ ಎದೆಯ ಮೇಲಿನ ನಂಬರ್ ಚೀಟಿಯಲ್ಲಿ ಒಂದು ಚಿಪ್ ಇರುತ್ತದೆ. ದಾರಿಯಲ್ಲಿ ಹಾಸಿದ ಮ್ಯಾಟ್ ದಾಟಿದಾಗಲೆಲ್ಲ ಹೊತ್ತು ದಾಖಲಾಗುತ್ತದೆ, ಮನೆಯವರು ಫೋನಿನಲ್ಲಿ ನೋಡಬಹುದು. ಊಟ ಮುಗಿಸಿ ನಮ್ಮ ಕಟ್ಟೆಯ ಮೇಲೆ ಕೂತವರು ಅವಳ ಹಿಂದೆಯೇ ಓಡಬಹುದು.

*

ಹದಿನಾರು ನಿಮಿಷದ ಕಾಯಿದೆ. ಒಂದು ಮೈಲಿಗೆ ಹದಿನಾರು ನಿಮಿಷ, ಅಂದರೆ ಕಿಲೋಮೀಟರಿಗೆ ಹತ್ತು ನಿಮಿಷ. ಅದಕ್ಕಿಂತ ನಿಧಾನವಾದವರನ್ನು ದಾರಿಯಿಂದ ಎತ್ತಿ ಬಸ್ಸಿನಲ್ಲಿ ಕೂರಿಸುತ್ತಾರೆ. ಹಾಫ್ ಮ್ಯಾರಥಾನಿಗೆ ಒಟ್ಟು ಮೂರೂವರೆ ತಾಸು. ಬಿರುಸಾಗಿ ನಡೆದರೆ ಮುಗಿಯುವ ಲೆಕ್ಕ ಇದು. ಭಯ ಹುಟ್ಟಿಸುವುದು ಬೇರೊಂದು ಸಂಗತಿ. ಜನರನ್ನು ಗುಂಪು ಗುಂಪಾಗಿ ಬೇರೆ ಬೇರೆ ಹೊತ್ತಿಗೆ ಬಿಡುತ್ತಾರೆ, ಆದರೆ ಈ ಕಾಯಿದೆಯ ಗಡಿಯಾರ ಕೊನೆಯ ಓಟಗಾರ ಗೆರೆ ದಾಟಿದಾಗ ಚಾಲೂ ಆಗುತ್ತದೆ. ಎಲ್ಲರಿಗಿಂತ ಹಿಂದೆ, ಬಲೂನು ಕಟ್ಟಿಕೊಂಡ ಕೆಲವು ಹೆಣ್ಣುಮಕ್ಕಳು ಸರಿಯಾಗಿ ಹದಿನಾರು ನಿಮಿಷದ ನಡಿಗೆಯಲ್ಲಿ ಬರುತ್ತಾರೆ. ಅವರು ನಿಮ್ಮನ್ನು ದಾಟಿದರೆ ಚಿಂತೆ ಶುರುವಾದಂತೆ. ಮೊದಲ ಗುಂಪಿನಲ್ಲಿ ಹೊರಟವರಿಗೆ ಅವರು ಬಹಳ ದೂರ, ಫೋಟೊಕ್ಕೆ ನಿಲ್ಲುವ ಪುರಸೊತ್ತು ಉಂಟು. ಕೊನೆಯ ಗುಂಪಿನವರಿಗೆ ಬಲೂನು ಬೆನ್ನಿಗೇ ಇರುತ್ತದೆ. ಮುಂದಿನ ಗುಂಪು ಬೇಕಾದರೆ ಹಿಂದೆ ಬೇರೆ ಓಟದಲ್ಲಿ ಓಡಿದ ಸಮಯದ ದಾಖಲೆ ಕೊಡಬೇಕು. ಹೀಗೆ ನೆಮ್ಮದಿಯಾಗಿ ನಿಂತು ಫೋಟೊ ತೆಗೆಸಿಕೊಳ್ಳುವ ಹಕ್ಕು ಬೇಗ ಓಡಬಲ್ಲವರಿಗೇ ಸಿಗುತ್ತದೆ. ನಿಧಾನದವರಿಗೇ ಮುಂಚೆ ಬಿಟ್ಟರೆ ಆಗದೇ? ದಾರಿ ಕಟ್ಟಿಹೋಗುತ್ತದೆ ಎಂಬ ಉತ್ತರ ಗೊತ್ತಿದೆ. ಆದರೂ ಮನಸ್ಸು ಒಪ್ಪುವುದಿಲ್ಲ.

*

ಈ ಗುಂಪಿನ ಮಾತು ಕೇಳಿ ವೈನಿ ಅಂದದ್ದು: "ದಿಂಡಿ ಇದ್ದಂಗ ಅದ ಅಲಾ." ನಮ್ಮ ಕಡೆ, ಭಾಲ್ಕಿ-ಔರಾದ ಭಾಗದಲ್ಲಿ, ಆಷಾಢದ ವಾರಿ ಯಾತ್ರೆಗೆ ಪಂಢರಪುರಕ್ಕೆ ಹೋಗುವ ಮನೆಗಳಿವೆ. ಆಳಂದಿಯಿಂದ ಜ್ಞಾನೇಶ್ವರರ ಪಲ್ಲಕ್ಕಿ, ದೇಹುವಿನಿಂದ ತುಕಾರಾಮರ ಪಲ್ಲಕ್ಕಿ. ಮೂರು ವಾರದ ನಡಿಗೆ. ದಿಂಡಿ ಎಂದರೆ ನಡೆಯುವವರ ಗುಂಪು. ಯಾವ ದಿಂಡಿ ಪಲ್ಲಕ್ಕಿಯ ರಥದ ಮುಂದೆ, ಯಾವುದು ಹಿಂದೆ, ಎಷ್ಟನೆಯ ನಂಬರು ಎಲ್ಲ ಗೊತ್ತುಪಡಿಸಿದ್ದು. ಪ್ರತಿ ದಿಂಡಿಯ ಲಾರಿ ನಸುಕಿನಲ್ಲೇ ಮುಂದೆ ಹೋಗಿ, ಮುಂದಿನ ಮುಕ್ಕಾಮಿನಲ್ಲಿ ಡೇರೆ ಹೊಡೆದು, ಒಲೆ ಹಚ್ಚಿ, ನೀರಿನ ಟ್ಯಾಂಕರ್ ನಿಲ್ಲಿಸಿ ಕಾಯುತ್ತದೆ. ಡಿಸ್ನಿಯವರ ಬಸ್ಸಿನ ವೇಳಾಪಟ್ಟಿ ನೋಡಿ ಬೆರಗಾಗುವ ಮೊದಲು ಈ ಲಾರಿಗಳನ್ನು ನೆನೆಯಬೇಕು.

ಆ ನಡಿಗೆಯಲ್ಲಿ ಓಟವೂ ಇದೆ. ಸುತ್ತುಗಟ್ಟಿ ಓಡುವ ರಿಂಗಣದಲ್ಲಿ ಕುದುರೆ ಓಡುತ್ತದೆ, ನಡೆಯುವ ವಾರಕರಿಗಳೂ ಓಡುತ್ತಾರೆ. ಸೋಲಾಪುರ ಜಿಲ್ಲೆಯ ವೇಳಾಪುರದ ಹತ್ತಿರ 'ಧಾವಾ' ಎಂದು ಆಗುತ್ತದೆ. ಅಲ್ಲಿನ ದಿಬ್ಬದಿಂದ ತುಕಾರಾಮರು ಪಂಢರಪುರದ ಗುಡಿಯ ಶಿಖರ ಕಂಡು ಓಡಿದರು ಎಂಬ ನಂಬಿಕೆ. ಅದೇ ಇಳಿಜಾರಿನಲ್ಲಿ ಇವತ್ತೂ ಮುದುಕರು, ತಲೆಯ ಮೇಲೆ ತುಳಸಿ ಹೊತ್ತ ಹೆಂಗಸರು ಓಡುತ್ತಾರೆ. ಅತ್ತ ಅಣ್ಣನ ಮಗಳು ಓಡುವ ದಾರಿಯಲ್ಲಿ ಸಿಂಡ್ರೆಲಾಳ ಕೋಟೆ ಇದೆ. ಐದಾರು ಮೈಲಿ ಆದ ಮೇಲೆ, ಇನ್ನೂ ಕತ್ತಲಿರುವಾಗ, ದೀಪ ಹಚ್ಚಿದ ಆ ಕೋಟೆಯ ಬಾಗಿಲ ಒಳಗಿಂದಲೇ ಹಾದುಹೋಗುತ್ತಾರೆ. ಅಲ್ಲಿ ಗಟ್ಟಿಮುಟ್ಟಾದ ಜನ ಅಳುತ್ತಾರೆ ಎಂದಳು. ನಂಬಿದೆ. ದೇವರಿದ್ದಲ್ಲಿ ಅಳುವುದು ಗೊತ್ತು. ಸಿನಿಮಾದ ಕೋಟೆ ಕಂಡು ಬರುವ ಅಳು ಎಲ್ಲಿಂದ ಬರುತ್ತದೆ? ಚಿಕ್ಕಂದಿನಲ್ಲಿ ನೋಡಿದ್ದೂ ಒಂದು ಬಗೆಯ ಶಿಖರವೇ ಇರಬಹುದು. ಇನ್ನೂ ಯೋಚಿಸುತ್ತಿದ್ದೇನೆ.

*

ಎರಡು ಹೊಟೇಲಿನ ನಡುವೆ ತೂಗಾಟ. ಒಂದು 'ಪಾಪ್ ಸೆಂಚುರಿ', ಕಡಿಮೆ ಬಾಡಿಗೆಯದು. ಇನ್ನೊಂದು 'ಕಂಟೆಂಪೊರರಿ', ಮೋನೊರೈಲು ಕಟ್ಟಡದ ಒಳಗೇ ಹಾದುಹೋಗುತ್ತದೆ, ಬಾಡಿಗೆ ಎರಡು ಮೂರು ಪಟ್ಟು. ಹಾಫ್ ಮ್ಯಾರಥಾನ್ ಎಪ್ಕಾಟ್‌ನಿಂದ ಹೊರಟು ಮ್ಯಾಜಿಕ್ ಕಿಂಗ್‌ಡಮ್ ಹೊಕ್ಕು ಮತ್ತೆ ಎಪ್ಕಾಟ್‌ಗೇ ಬರುತ್ತದೆ. ನಡುವೆ ಈ ಕಂಟೆಂಪೊರರಿಯ ಮುಂದೆಯೇ ಹಾಯುತ್ತದೆ. ವೈನಿಗೆ ಮೊಣಕಾಲು ನೋವು. ಪಾಪ್ ಸೆಂಚುರಿಯಲ್ಲಿ ಇಳಿದರೆ ನೋಡಲು ರಾತ್ರಿ ಬಸ್ಸು ಹಿಡಿದು ಗುಂಪಿನಲ್ಲಿ ತಾಸುಗಟ್ಟಲೆ ನಿಲ್ಲಬೇಕು, ಕಂಟೆಂಪೊರರಿಯಲ್ಲಾದರೆ ಶಾಲು ಹೊದ್ದು ಹೊಟೇಲಿನ ಬಾಗಿಲಿಗೆ ಬಂದು ನಿಂತರೆ ಸಾಕು. ಮಗಳು ದುಬಾರಿಯದಕ್ಕೇ ಮನಸ್ಸು ಮಾಡಿದ್ದಾಳೆ. ತಾಯಿ ಒಪ್ಪಿಲ್ಲ. "ಅಷ್ಟ್ ರೊಕ್ಕಾ ಕೊಟ್ಟು ಬಾಗಲ್ದಾಗ ನಿಂದ್ರಾದು?" ಎಂದು ಕೇಳುತ್ತಾರೆ. ನನ್ನ ಮಟ್ಟಿಗೆ ಮಗಳದೇ ಸರಿ. ಓಡುವವಳಿಗೆ ಆ ಒಂದು ತಿರುವಿನಲ್ಲಿ ತಾಯಿಯ ಮುಖ ಕಾಣುವುದು ಮುಖ್ಯ.

*

ಕೆಲವು ಸಣ್ಣ ಸಂಗತಿ. ನಂಬರ್ ಚೀಟಿಯನ್ನು ಓಟಗಾರರೇ ಗುರುತಿನ ಚೀಟಿ ತೋರಿಸಿ ಮುಂಚಿನ ದಿನಗಳಲ್ಲೇ ಪಡೆಯಬೇಕು, ಬೇರೆಯವರಿಗೆ ಕೊಡುವುದಿಲ್ಲ. ಹೀಗಾಗಿ ಹಿಂದಿನ ರಾತ್ರಿ ತಡವಾಗಿ ಬಂದಿಳಿಯುವ ವಿಮಾನ ಕೆಲಸಕ್ಕೆ ಬಾರದು. ಓಟದ ಶುಲ್ಕದಲ್ಲಿ ಪಾರ್ಕಿನ ಟಿಕೆಟ್ ಸೇರಿಲ್ಲ. ಓಡುವಾಗ ಪುಕ್ಕಟೆ ಹೊಕ್ಕ ಪಾರ್ಕಿಗೆ ಮಧ್ಯಾಹ್ನ ಮತ್ತೆ ಹೋಗಬೇಕಾದರೆ ರೊಕ್ಕ ಕೊಡಬೇಕು. ಓಡಲು ಆಗದಿದ್ದರೆ ಶುಲ್ಕ ಮರಳುವುದಿಲ್ಲ, ಬೇರೆಯವರ ಹೆಸರಿಗೂ ಆಗುವುದಿಲ್ಲ. 2017ರ ಜನವರಿಯಲ್ಲಿ ಗುಡುಗು-ಸಿಡಿಲಿನ ಭಯಕ್ಕೆ ಹಾಫ್ ಮ್ಯಾರಥಾನನ್ನೇ ರದ್ದು ಮಾಡಿದ್ದರು. ಅಷ್ಟು ದೂರದಿಂದ ಬಂದು ಕೋಣೆ ಹಿಡಿದವರು ಆ ಬೆಳಿಗ್ಗೆ ಏನು ಮಾಡಿದರೋ! ಹೊಟೇಲಿನ ಪಡಸಾಲೆ, ಅಂಗಳಗಳಲ್ಲೇ ಓಡಿ ದೂರ ಮುಗಿಸಿದವರಿದ್ದಾರೆ ಎಂದು ಕೇಳಿ ಸಂತೋಷವಾಯಿತು.

*

ನಮ್ಮಲ್ಲಿ ಬಾರದ ಒಂದು ತೊಂದರೆ ಡಿಸ್ನಿಯಲ್ಲಿ ಓಡುವವರಿಗಿದೆ, ಅವರಿಗೆ ಬಾರದ ಒಂದು ಅನುಕೂಲ ನಮಗಿದೆ ಅನ್ನಿಸಿದ್ದು ತುಳಜಾಪುರದ ದಾರಿ ನೆನೆದಾಗ. ಸೀಗಿ ಹುಣ್ಣಿಮೆಗೆ ಬೀದರ, ಕಲಬುರಗಿ ಕಡೆಯಿಂದ ಜನ ಅಂಬಾಭವಾನಿಗೆ ನಡೆದು ಹೋಗುತ್ತಾರೆ. ಉಮರ್ಗಾ, ನಳದುರ್ಗ ಹಾದಿಯ ಹೆದ್ದಾರಿ ರಾತ್ರಿಯೂ ಮಲಗುವುದಿಲ್ಲ. ಯಾರೂ ಕೋಣೆ ಬುಕ್ ಮಾಡುವುದಿಲ್ಲ. ದಾರಿಯುದ್ದಕ್ಕೂ ಊರವರು ಶಾಮಿಯಾನ ಹಾಕಿ, ಅನ್ನ-ಸಾರು, ಚಹಾ, ಬಾಳೆಹಣ್ಣು, ಕಾಲಿಗೆ ಹಚ್ಚುವ ಎಣ್ಣೆ, ಗುಳಿಗೆ ಇಟ್ಟುಕೊಂಡು ಕೂಗಿ ಕರೆಯುತ್ತಾರೆ. ಸೋಲಾಪುರ-ತುಳಜಾಪುರ ರಸ್ತೆಯಲ್ಲಿ ವಾಹನಗಳನ್ನೇ ಆ ದಿನಗಳಲ್ಲಿ ತಡೆಯುತ್ತಾರೆ. ಶುಲ್ಕವಿಲ್ಲ, ಸಾಲು-ಗುಂಪಿಲ್ಲ, ನಿಧಾನ ಎಂದು ಎತ್ತಿಹಾಕುವ ಬಸ್ಸಿಲ್ಲ. ಆದರೆ ಶೌಚಕ್ಕೆ ಹೆಂಗಸರು ಪಡುವ ಕಷ್ಟ, ಕತ್ತಲಲ್ಲಿ ಲಾರಿಗಳ ಭಯ, ಅದೂ ಅಷ್ಟೇ ಖರೆ. ಡಿಸ್ನಿಯ ದಾರಿಯಲ್ಲಿ ಸಾಲುಸಾಲು ಶೌಚದ ಪೆಟ್ಟಿಗೆಗಳು, ವೈದ್ಯರ ಡೇರೆಗಳು ಇವೆ ಎಂದು ಓದಿದಾಗ, ತುಳಜಾಪುರದ ದಾರಿಗೆ ಇಷ್ಟಾದರೂ ಬೇಕಿತ್ತಲ್ಲ ಎಂದು ಸಂಕಟವಾಗುತ್ತದೆ. ಅದಕ್ಕೆ ಭಕ್ತಿ ಅಡ್ಡ ಬರುವುದಿಲ್ಲ.

ಇಳಿದುಕೊಳ್ಳಲು ಜಾಗ ಕೊಡುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಬೀದರದ ನಾನಕ ಝೀರಾ ಗುರುದ್ವಾರದಲ್ಲಿ ಯಾವ ಹೊತ್ತಿಗೆ ಹೋದರೂ ಲಂಗರಿನ ಊಟ, ಯಾತ್ರಿಕರಿಗೆ ತಂಗಲು ಕೋಣೆ. ಭಾಲ್ಕಿಯ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು (1890–1999) ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು ಎಂದು ಎಲ್ಲರಿಗೂ ಗೊತ್ತು. ಹಳ್ಳಿಯ ಮಕ್ಕಳಿಗೆ ಮಠದಲ್ಲೇ ಅನ್ನ, ಮಲಗಲು ಜಾಗ ಕೊಟ್ಟರು ಎಂಬುದನ್ನೂ ಜೊತೆಗೇ ಹೇಳಬೇಕು. ಕಲಿಯಲು ಬಂದವರಿಗೂ ಮೊದಲು ಬೇಕಾದದ್ದು ಕೋಣೆಯೇ.

ಬೀದರದಲ್ಲಿ ಒಂದು ಓಟ ಇಟ್ಟರೆ? ಕೋಟೆಯಿಂದ ಹೊರಟು, 1472ರ ಮಹಮೂದ ಗವಾನ ಮದರಸಾ, ಚೌಬಾರಾ ದಾಟಿ, ಅಷ್ಟೂರಿನ ಬಹಮನಿ ಗುಮ್ಮಟಗಳವರೆಗೆ. ಸಿನಿಮಾದ ಕೋಟೆಯಲ್ಲ, ನಿಜವಾದದ್ದು. ಹೊರಗಿನಿಂದ ಬಂದವರಿಗೆ ಹೊಟೇಲು ಸಾಲದಿದ್ದರೆ ಗುರುದ್ವಾರ, ಮಠ, ಕಲ್ಯಾಣ ಮಂಟಪಗಳಿವೆ. ಇದು ಆಗದ ಮಾತೇನಲ್ಲ.

*

ವೈನಿಯ ದಾರಿ. ವೀಸಾ ಸಂದರ್ಶನಕ್ಕೆ ಹೈದರಾಬಾದಿನ ನಾನಕರಾಮಗುಡಾದಲ್ಲಿರುವ ಅಮೆರಿಕದ ಕಾನ್ಸುಲೇಟೇ ನಮಗೆ ಹತ್ತಿರ. ಚೆನ್ನೈ ಭಾಲ್ಕಿಯವರಿಗೆ ದೂರದ ಮಾತು. ಸಂದರ್ಶನದ ತಾರೀಖು ತಿಂಗಳುಗಟ್ಟಲೆ ಆಚೆ ಸಿಗುತ್ತದೆ, ಆದ್ದರಿಂದ ಅವರ ಮಟ್ಟಿಗೆ ಕೋಣೆಗಿಂತಲೂ ಮೊದಲು ಅದೇ. ಆಮೇಲೆ ಬೀದರ, ಜಹೀರಾಬಾದ, ಸಂಗಾರೆಡ್ಡಿ ದಾಟಿ ಶಂಶಾಬಾದ್. ಅಲ್ಲಿಂದ ದುಬೈ. ದುಬೈಯಿಂದ ಒರ್ಲ್ಯಾಂಡೊಕ್ಕೆ ಒಂದೇ ವಿಮಾನ. ಮೊದಲ ಸಲ ಒಬ್ಬರೇ ಹೋಗುವವರಿಗೆ ಅಮೆರಿಕದೊಳಗೆ ಮತ್ತೊಂದು ವಿಮಾನ ಬದಲಿಸುವ ಕಾಟ ಇರಬಾರದೆಂದು ಮಗಳು ಇದನ್ನು ಆರಿಸಿದ್ದಾಳೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟುವುದು ಗೊತ್ತಾಗಿದೆ. ಓಟದ ಹಿಂದಿನ ದಿನ ಮಗಳು ಅದನ್ನೇ ಉಣ್ಣುತ್ತಾಳಂತೆ, ಹೊಟ್ಟೆಗೆ ಗೊತ್ತಿದ್ದ ಊಟ ಬೇಕು ಎನ್ನುತ್ತಾಳೆ.

ಉಳಿದಿರುವುದು ಒಂದು ತೊಡಕು. ಎಳ್ಳಮಾವಾಸ್ಯೆ ಡಿಸೆಂಬರದಲ್ಲೂ ಬೀಳಬಹುದು, ಜನವರಿಯಲ್ಲೂ ಬೀಳಬಹುದು. ಜೋಳದ ಹೊಲದಲ್ಲಿ ಚರಗ ಚೆಲ್ಲದೆ, ಬಂದವರಿಗೆ ಭಜ್ಜಿ-ರೊಟ್ಟಿ ಬಡಿಸದೆ ಹೊರಡುವುದಿಲ್ಲ ಎಂದು ವೈನಿ ಹೇಳಿಬಿಟ್ಟಿದ್ದಾರೆ. ಮಗಳಿಗೆ ತಾಯಿ ಓಟಕ್ಕಿಂತ ಒಂದು ವಾರ ಮುಂಚೆ ಬರಬೇಕು, ಹಗಲು-ರಾತ್ರಿ ಅದಲುಬದಲಾದ ಮೈ ಸರಿಹೋಗಬೇಕು. ಪಂಚಾಂಗ, ಓಟದ ತಾರೀಖು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದೇವೆ. ದುಬೈ ಟಿಕೆಟ್ ಇನ್ನೂ ತೆಗೆದಿಲ್ಲ.